ಪ್ರಶ್ನೋತ್ತರ: ಕುರ್ಚಿಯಲ್ಲಿದ್ದವರನ್ನು ಕಾನೂನು ಯಾವಾಗ ಮುಟ್ಟಬೇಕು?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದುದರಿಂದ ಅವುಗಳಿಗೆ ಒಟ್ಟಿಗೆ ಉತ್ತರಿಸಿದ್ದೇನೆ. ಓದುಗರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಳ್ಳಲಾಗಿದೆ.

ಪ್ರಶ್ನೆ: ಸರ್ಕಾರಿ ನೌಕರನೊಬ್ಬ 48 ಗಂಟೆ ಪೊಲೀಸರ ವಶದಲ್ಲಿದ್ದರೆ ಅಮಾನತಾಗುತ್ತಾನೆ. ಮಂತ್ರಿಯಾದವರು ತಿಂಗಳುಗಟ್ಟಲೆ ಜೈಲಿನಲ್ಲಿದ್ದರೂ ಮಂತ್ರಿಯಾಗಿಯೇ ಮುಂದುವರಿಯುತ್ತಾರೆ. ಇದನ್ನು ತಡೆಯಲು ತಂದ 130ನೇ ತಿದ್ದುಪಡಿ ಮಸೂದೆಯನ್ನು ವಿರೋಧಿಸುವುದೇಕೆ? – ನಿವೃತ್ತ ನೌಕರರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ ಮಂಡನೆಯಾಗಿ ಜಂಟಿ ಸಂಸದೀಯ ಸಮಿತಿಗೆ ಹೋದ ಆ ಮಸೂದೆ ಹೇಳುವುದಿಷ್ಟು: ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಆರೋಪದ ಮೇಲೆ ಬಂಧಿತರಾಗಿ ಸತತ 30 ದಿನ ವಶದಲ್ಲಿರುವ ಪ್ರಧಾನಿ, ಮುಖ್ಯಮಂತ್ರಿ ಅಥವಾ ಸಚಿವರು 31ನೇ ದಿನಕ್ಕೆ ಹುದ್ದೆಯಿಂದ ಇಳಿಯಬೇಕು, ಬಿಡುಗಡೆಯಾದ ಮೇಲೆ ಮತ್ತೆ ನೇಮಕಗೊಳ್ಳಲು ಅಡ್ಡಿಯಿಲ್ಲ.

ಆದರೆ ನೌಕರನ ಹೋಲಿಕೆ ಒಂದು ಕಡೆ ತಪ್ಪುತ್ತದೆ. ಗುಮಾಸ್ತನನ್ನು ಬಂಧಿಸುವ ಪೊಲೀಸ್ ಅಧಿಕಾರಿಗೆ ಆ ಗುಮಾಸ್ತನ ಕುರ್ಚಿ ಬೇಕಾಗಿರುವುದಿಲ್ಲ. ಮುಖ್ಯಮಂತ್ರಿಯನ್ನು ಬಂಧಿಸುವ ತನಿಖಾ ಸಂಸ್ಥೆಯಾದರೋ ಅವರ ಎದುರಾಳಿ ಪಕ್ಷವೇ ನಡೆಸುವ ಕೇಂದ್ರ ಸರ್ಕಾರದ ಕೈಕೆಳಗೆ ಇರಬಹುದು. ಇಂದು ದೆಹಲಿಯಲ್ಲಿ ಯಾರಿದ್ದಾರೆ, ನಾಳೆ ಯಾರು ಬರುತ್ತಾರೆ ಎಂಬುದು ಇಲ್ಲಿ ಮುಖ್ಯವಲ್ಲ. ಇನ್ನೊಬ್ಬರ ಹುದ್ದೆ ಕಳೆಯುವ ಕೀಲಿಕೈ ಎದುರಾಳಿಯ ಜೇಬಿನಲ್ಲಿ ಇರಬಾರದು. ಮಸೂದೆಯಲ್ಲಿ ಪ್ರಧಾನಿಯ ಹುದ್ದೆಯೂ ಸೇರಿದೆ ಎಂಬ ಸಮರ್ಥನೆಯನ್ನು ಕೇಳಿದ್ದೇನೆ. ತಮಗೇ ವರದಿ ಒಪ್ಪಿಸುವ ಸಂಸ್ಥೆಯಿಂದ ಪ್ರಧಾನಿಯೊಬ್ಬರು ಬಂಧನಕ್ಕೊಳಗಾಗುವುದನ್ನು ಊಹಿಸಿಕೊಳ್ಳಲು ನನಗೆ ಕಷ್ಟವಾಗುತ್ತದೆ.

30 ದಿನದ ಲೆಕ್ಕವನ್ನೂ ನೋಡಿ. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ, ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣಗಳಿವೆ ಎಂಬುದು ಜಾಮೀನಿನ ಹಂತದಲ್ಲಿಯೇ ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಈ ಷರತ್ತನ್ನು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಎತ್ತಿಹಿಡಿಯಿತು. ಜಾರ್ಖಂಡ್ ಮುಖ್ಯಮಂತ್ರಿಯಾಗಿದ್ದ ಹೇಮಂತ್ ಸೊರೇನ್ ಇದೇ ಕಾಯ್ದೆಯಡಿ 2024ರ ಜನವರಿ 31ರಂದು ಬಂಧಿತರಾದರು, ಜಾಮೀನು ಸಿಕ್ಕಿದ್ದು ಜೂನ್ 28ರಂದು. ಇಂತಹ ಪ್ರಕರಣದಲ್ಲಿ 30 ದಿನ ಎಂದರೆ ಬಂಧನವಾದ ದಿನವೇ ಹುದ್ದೆ ಹೋಯಿತೆಂದು ತಿಳಿಯಬೇಕು.

ಹಾಗಾದರೆ ಏನು ಮಾಡಬೇಕು? ಅಪರಾಧ ಸಾಬೀತಾದ ಮೇಲಿನ ಕ್ರಮ ನಮ್ಮಲ್ಲಿ ಈಗಾಗಲೇ ಇದೆ. ಜನಪ್ರಾತಿನಿಧ್ಯ ಕಾಯ್ದೆಯ 8(3)ನೇ ಸೆಕ್ಷನ್ ಪ್ರಕಾರ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾದವರು ಅನರ್ಹರು. ಹಾಲಿ ಶಾಸಕರು, ಸಂಸದರು ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಿ ಸ್ಥಾನ ಉಳಿಸಿಕೊಳ್ಳಲು ಇದ್ದ 8(4)ರ ಸವಲತ್ತನ್ನು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ರದ್ದು ಮಾಡಿತು. ಹಾಗಾಗಿಯೇ 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದ ಆವರಣದಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹಾ ಅವರು ಅಕ್ರಮ ಆಸ್ತಿ ಪ್ರಕರಣದ ತೀರ್ಪು ಓದಿದ ಕೂಡಲೇ ಜಯಲಲಿತಾ ಮುಖ್ಯಮಂತ್ರಿ ಸ್ಥಾನ ಕಳೆದುಕೊಂಡರು. ನ್ಯಾಯಯುತ ವಿಚಾರಣೆಗೆಂದು ಆ ಪ್ರಕರಣವನ್ನು ತಮಿಳುನಾಡಿನಿಂದ ಬೆಂಗಳೂರಿಗೆ ವರ್ಗಾಯಿಸಿದ್ದೂ ಸುಪ್ರೀಂ ಕೋರ್ಟೇ. ಹೈಕೋರ್ಟ್ 2015ರಲ್ಲಿ ಅವರನ್ನು ಖುಲಾಸೆಗೊಳಿಸಿತು. ಸುಪ್ರೀಂ ಕೋರ್ಟ್ 2017ರ ಫೆಬ್ರುವರಿಯಲ್ಲಿ ವಿಚಾರಣಾ ನ್ಯಾಯಾಲಯದ ತೀರ್ಪನ್ನೇ ಮತ್ತೆ ಎತ್ತಿಹಿಡಿಯುವ ಹೊತ್ತಿಗೆ ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. 1991–96ರ ಅವಧಿಯ ಆಸ್ತಿಯ ಲೆಕ್ಕ ತೀರಲು 20 ವರ್ಷ ಬೇಕಾಯಿತು. ರೋಗ ಇರುವುದು ಈ ವಿಳಂಬದಲ್ಲಿ. ಜನಪ್ರತಿನಿಧಿಗಳ ವಿರುದ್ಧದ ಇಂತಹ ಪ್ರಕರಣಗಳ ವಿಚಾರಣೆ, ಆರೋಪ ನಿಗದಿಯಾದ ಒಂದು ವರ್ಷದೊಳಗೆ ಮುಗಿಯಬೇಕೆಂದು 2014ರ ಮಾರ್ಚ್‌ನಲ್ಲಿಯೇ ಸುಪ್ರೀಂ ಕೋರ್ಟ್ ಸೂಚಿಸಿತ್ತು. ಅದನ್ನು ಪಾಲಿಸಲು ನ್ಯಾಯಾಧೀಶರು, ಸರ್ಕಾರಿ ವಕೀಲರು, ಕಟ್ಟಡ ಎಲ್ಲವೂ ಬೇಕು, ಅಂದರೆ ಹಣ ಬೇಕು. ತಿದ್ದುಪಡಿ ಮಸೂದೆಗೆ ಅದಾವುದೂ ಬೇಡ.

ಪ್ರಶ್ನೆ: 1975ರ ಅಲಹಾಬಾದ್ ಹೈಕೋರ್ಟ್ ತೀರ್ಪಿನ ಬಗ್ಗೆ ನಮ್ಮ ತರಗತಿಯಲ್ಲಿ ಚರ್ಚೆ ನಡೆಯಿತು. ವೇದಿಕೆ ಕಟ್ಟಿಸಿದಂತಹ ಸಣ್ಣ ಕಾರಣಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದುಗೊಳಿಸಿದ್ದು ಅತಿಯಾಗಲಿಲ್ಲವೆ? – ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಕಾರಣ ಸಣ್ಣದು ನಿಜ. ಪ್ರಧಾನಿಯ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದ ಯಶಪಾಲ್ ಕಪೂರ್ ಅವರ ರಾಜೀನಾಮೆ ಜಾರಿಗೆ ಬರುವ ಮೊದಲೇ ಅವರಿಂದ ರಾಯಬರೇಲಿಯಲ್ಲಿ ಚುನಾವಣಾ ಕೆಲಸ ಮಾಡಿಸಿಕೊಂಡದ್ದು ಒಂದು. ಸಭೆಗಳ ವೇದಿಕೆ, ಧ್ವನಿವರ್ಧಕದ ವಿದ್ಯುತ್ ಮುಂತಾದವುಗಳಿಗೆ ಉತ್ತರ ಪ್ರದೇಶದ ಸರ್ಕಾರಿ ಅಧಿಕಾರಿಗಳ ನೆರವು ಪಡೆದದ್ದು ಇನ್ನೊಂದು. ಆದರೆ ಅಂತಹ ನೆರವನ್ನು ಚುನಾವಣಾ ಅಕ್ರಮವೆಂದು ಕರೆದದ್ದು ಸಂಸತ್ತೇ ಹೊರತು ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಅವರಲ್ಲ. ಸಾಮಾನ್ಯ ಅಭ್ಯರ್ಥಿಯ ಆಯ್ಕೆ ಈ ಕಾರಣಕ್ಕೆ ರದ್ದಾಗುವುದಾದರೆ ಪ್ರಧಾನಿಗೆ ರಿಯಾಯಿತಿ ಕೊಡಲು ಅವರಿಗೆ ಅಧಿಕಾರವಿರಲಿಲ್ಲ. ಅತಿಯಾದದ್ದು ಆಮೇಲೆ ನಡೆದದ್ದು. ತುರ್ತು ಪರಿಸ್ಥಿತಿಯ ನಡುವೆ, ಆಗಸ್ಟ್ ತಿಂಗಳಲ್ಲಿ ಚುನಾವಣಾ ಕಾನೂನನ್ನು ಪೂರ್ವಾನ್ವಯವಾಗುವಂತೆ ಬದಲಿಸಲಾಯಿತು. 39ನೇ ತಿದ್ದುಪಡಿಯಿಂದ ಪ್ರಧಾನಿಯ ಆಯ್ಕೆಯನ್ನು ನ್ಯಾಯಾಲಯಗಳ ಕೈಗೆ ಎಟುಕದಂತೆ ಮಾಡಲಾಯಿತು. ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗವನ್ನು ಹೊಡೆದುಹಾಕಿತಾದರೂ ಬದಲಾದ ಚುನಾವಣಾ ಕಾನೂನನ್ನು ಒಪ್ಪಿಕೊಂಡಿತು. ಹೀಗಾಗಿ ಆಯ್ಕೆಯೂ ಉಳಿಯಿತು. ಆಟ ಮುಗಿದ ಮೇಲೆ ನಿಯಮ ಬರೆದವರೇ ಗೆದ್ದರು.

ನಿಮ್ಮ ತರಗತಿ ಇದರ ಮುಂದಿನ ಅಧ್ಯಾಯವನ್ನೂ ಚರ್ಚಿಸಬೇಕು, ಏಕೆಂದರೆ ಅದು ನಿಮ್ಮ ಊರಿಗೇ ಸೇರಿದ್ದು. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರು ಕ್ಷೇತ್ರದಿಂದ ಇಂದಿರಾ ಗಾಂಧಿಯವರು 1978ರ ನವೆಂಬರ್‌ನಲ್ಲಿ ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. ಡಿಸೆಂಬರ್ 19ರಂದು ಅದೇ ಸಭೆ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಜೈಲಿಗೂ ಕಳುಹಿಸಿತು. ಮಾರುತಿ ಕಂಪನಿಯ ಕುರಿತ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ತಾವು ಪ್ರಧಾನಿಯಾಗಿದ್ದಾಗ ಕಿರುಕುಳ ಕೊಟ್ಟರೆಂಬ ಹಕ್ಕುಚ್ಯುತಿ ಆರೋಪ ಅವರ ಮೇಲಿತ್ತು. ಆರೋಪ ಗಂಭೀರವಾದದ್ದೇ. ಆದರೆ ಅಲ್ಲಿ ತೀರ್ಪು ಕೊಟ್ಟದ್ದು ಎದುರಾಳಿ ಪಕ್ಷದ ಬಹುಮತ, ಮತ್ತು ಬಹುಮತ ಬದಲಾದ ಮೇಲೆ, 1981ರಲ್ಲಿ, ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದುಗೊಳಿಸಿತು. ಒಬ್ಬ ನ್ಯಾಯಮೂರ್ತಿ ಸಾಕ್ಷ್ಯ ನೋಡಿ ಬರೆದ ತೀರ್ಪಿನಿಂದ ಪಾರಾಗಲು ಸಂವಿಧಾನಕ್ಕೇ ಕೈಹಾಕಬೇಕಾಯಿತು; ಬಹುಮತ ಕೊಟ್ಟ ಶಿಕ್ಷೆಯನ್ನು ಅಳಿಸಲು ಕೈ ಎತ್ತಿದರೆ ಸಾಕಾಯಿತು.

ಪ್ರಶ್ನೆ: ರಾಷ್ಟ್ರಪತಿಗಳಿಗೆ, ರಾಜ್ಯಪಾಲರಿಗೆ ಇರುವ ಕಾನೂನಿನ ರಕ್ಷಣೆ ಪ್ರಧಾನಿಗೂ ಇದೆಯೆ? – ತುಮಕೂರು

ಉತ್ತರ: ಇಲ್ಲ. ಸಂವಿಧಾನದ 361ನೇ ವಿಧಿ ಹುದ್ದೆಯಲ್ಲಿರುವ ರಾಷ್ಟ್ರಪತಿ ಹಾಗೂ ರಾಜ್ಯಪಾಲರಿಗೆ ಮಾತ್ರ ಅನ್ವಯಿಸುತ್ತದೆ. ಮಾಜಿ ಪ್ರಧಾನಿ ಪಿ.ವಿ. ನರಸಿಂಹ ರಾಯರಿಗೆ ಜಾರ್ಖಂಡ್ ಮುಕ್ತಿ ಮೋರ್ಚಾ ಲಂಚ ಪ್ರಕರಣದಲ್ಲಿ 2000ದಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿತ್ತು, 2002ರಲ್ಲಿ ದೆಹಲಿ ಹೈಕೋರ್ಟ್ ಖುಲಾಸೆ ಮಾಡಿತು. ಅದೇ ಹಗರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ವಿಚಿತ್ರವಾದ ತೀರ್ಪೊಂದನ್ನು ಕೊಟ್ಟಿತು: ಲಂಚ ಪಡೆದು ಸದನದಲ್ಲಿ ಅದರಂತೆ ಮತ ಹಾಕಿದ ಸಂಸದನಿಗೆ ರಕ್ಷಣೆಯುಂಟು, ಲಂಚ ಪಡೆದೂ ಮತ ಹಾಕದವನಿಗೆ ಇಲ್ಲ! ಕೊಟ್ಟ ಮಾತಿಗೆ ತಪ್ಪದ ಲಂಚಕೋರನಿಗೆ ಸಿಕ್ಕ ಈ ಮರ್ಯಾದೆಯನ್ನು ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್ 4ರಂದು ತೆಗೆದುಹಾಕಿತು.

ಪ್ರಶ್ನೆ: ಗಣಿ ವರದಿ ಬಂದು ಇಷ್ಟು ವರ್ಷಗಳಾದವು. ಯಾರಿಗೇನಾಯಿತು? – ಬಳ್ಳಾರಿ

ಉತ್ತರ: ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ 2011ರ ಜುಲೈನಲ್ಲಿ ಬಂದಿತು, ತಿಂಗಳ ಕೊನೆಗೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ವರದಿಯ ಬೆನ್ನಿಗೆ ಅವರ ಮೇಲೆ ಹೂಡಿದ ಪ್ರಕರಣದಲ್ಲಿ ಸಿಬಿಐ ವಿಶೇಷ ನ್ಯಾಯಾಲಯ 2016ರಲ್ಲಿ ಅವರನ್ನು ಖುಲಾಸೆಗೊಳಿಸಿತು. ಓಬಳಾಪುರಂ ಗಣಿ ಪ್ರಕರಣದಲ್ಲಿ 2011ರಲ್ಲಿ ಬಂಧಿತರಾಗಿದ್ದ ಜನಾರ್ದನ ರೆಡ್ಡಿ ಅವರಿಗೆ ಹೈದರಾಬಾದಿನ ನ್ಯಾಯಾಲಯ ಏಳು ವರ್ಷದ ಶಿಕ್ಷೆ ವಿಧಿಸಿದ್ದು 2025ರ ಮೇ ತಿಂಗಳಿನಲ್ಲಿ. ಗಂಗಾವತಿಯ ಶಾಸಕ ಸ್ಥಾನ ಹೋಯಿತು, ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ತೀರ್ಪನ್ನು ಅಮಾನತಿನಲ್ಲಿಟ್ಟ ಮೇಲೆ ಮರಳಿ ಬಂದಿತು. ಮೇಲ್ಮನವಿ ಅವರ ಹಕ್ಕು. ನನಗೆ ಹೆಚ್ಚು ನೋವು ತಂದದ್ದು ಬೇರೆ ಸಂಗತಿ. ಆ ವರದಿ ಬರೆದ ಸಂಸ್ಥೆಯ ಪೊಲೀಸ್ ಅಧಿಕಾರವನ್ನು 2016ರಲ್ಲಿ ಇನ್ನೊಂದು ಪಕ್ಷದ ಸರ್ಕಾರ ಕಿತ್ತುಕೊಂಡು, ತನ್ನ ಅಧೀನದಲ್ಲಿಯೇ ಭ್ರಷ್ಟಾಚಾರ ನಿಗ್ರಹ ದಳ ರಚಿಸಿತು. ಹೈಕೋರ್ಟ್ ಅದನ್ನು ರದ್ದು ಮಾಡಿದ್ದು 2022ರ ಆಗಸ್ಟ್‌ನಲ್ಲಿ. ನಡುವೆ ಸರ್ಕಾರ ನಡೆಸಿದ ಮೂರೂ ಪಕ್ಷಗಳಲ್ಲಿ ಯಾವುದಕ್ಕೂ ಹಲ್ಲಿರುವ ಲೋಕಾಯುಕ್ತ ಬೇಕಾಗಿರಲಿಲ್ಲ.

ಪ್ರಶ್ನೆ: ಮೊಕದ್ದಮೆಯಿಂದ ತಪ್ಪಿಸಿಕೊಳ್ಳಲೆಂದೇ ನೆತನ್ಯಾಹು ಗಾಜಾ ಯುದ್ಧವನ್ನು ಎಳೆದರೆಂಬುದು ನಿಜವೆ? – ಮಂಗಳೂರು

ಉತ್ತರ: ಇನ್ನೊಬ್ಬರ ಮನಸ್ಸಿನೊಳಗೆ ಏನಿದೆಯೆಂದು ನಾನು ಹೇಳಲಾರೆ; ಆ ಆರೋಪವನ್ನೂ ಮೊಕದ್ದಮೆಯ ಆರೋಪಗಳನ್ನೂ ಅವರು ಅಲ್ಲಗಳೆಯುತ್ತಾರೆ. ದಾಖಲೆಯಲ್ಲಿರುವುದನ್ನು ಹೇಳಬಹುದು. ಲಂಚ, ವಂಚನೆ, ವಿಶ್ವಾಸದ್ರೋಹದ ಮೂರು ಪ್ರಕರಣಗಳ ವಿಚಾರಣೆ 2020ರ ಮೇ ತಿಂಗಳಿನಲ್ಲಿ, ಅಂದರೆ ಯುದ್ಧಕ್ಕೆ ಮೂರು ವರ್ಷ ಮೊದಲೇ, ಆರಂಭವಾಗಿತ್ತು. ಅವರು ಸಾಕ್ಷಿ ಕಟ್ಟೆ ಏರಿದ್ದು 2024ರ ಡಿಸೆಂಬರ್ 10ರಂದು. ಆಮೇಲೂ ಭದ್ರತೆ, ರಾಜತಾಂತ್ರಿಕ ಕೆಲಸಗಳ ಕಾರಣ ಹೇಳಿ ಹಲವು ವಿಚಾರಣೆಗಳು ಮುಂದೂಡಲ್ಪಟ್ಟವು. 2025ರ ನವೆಂಬರ್ ಕೊನೆಯಲ್ಲಿ, ತಪ್ಪೊಪ್ಪಿಕೊಳ್ಳದೆಯೇ ಅಧ್ಯಕ್ಷರಿಗೆ ಕ್ಷಮಾದಾನದ ಅರ್ಜಿ ಸಲ್ಲಿಸಿದರು. ಇಸ್ರೇಲಿನ ಕಾನೂನಿನಂತೆ ಅಪರಾಧ ಅಂತಿಮವಾಗಿ ಸಾಬೀತಾಗುವವರೆಗೆ ಪ್ರಧಾನಿ ಮುಂದುವರಿಯಬಹುದು. ಆದರೆ ಅದೇ ದೇಶದಲ್ಲಿ ಎಹುದ್ ಓಲ್ಮರ್ಟ್ ತನಿಖೆಯ ಹಂತದಲ್ಲಿಯೇ, 2008ರಲ್ಲಿ, ಹುದ್ದೆ ಬಿಡುವುದಾಗಿ ಘೋಷಿಸಿದ್ದರು, ಮುಂದೆ ಜೈಲಿಗೂ ಹೋದರು.

ಮೊಕದ್ದಮೆಗಿಂತ ನನ್ನನ್ನು ಕಾಡುವುದು ಇನ್ನೊಂದು ಹೋಲಿಕೆ. 1973ರ ಅಕ್ಟೋಬರ್ ಯುದ್ಧದಲ್ಲಿ ಇಸ್ರೇಲ್ ಎಚ್ಚರ ತಪ್ಪಿದ್ದೇಕೆ ಎಂಬ ತನಿಖೆಗೆ ಮರುತಿಂಗಳೇ ಅಗ್ರನಾತ್ ಆಯೋಗ ರಚನೆಯಾಯಿತು, 1974ರ ಏಪ್ರಿಲ್‌ನಲ್ಲಿ ಗೋಲ್ಡಾ ಮೇಯರ್ ರಾಜೀನಾಮೆ ಕೊಟ್ಟರು. ಸುಮಾರು 1,200 ಜನರನ್ನು ಬಲಿ ತೆಗೆದುಕೊಂಡ 2023ರ ಅಕ್ಟೋಬರ್ 7ರ ದಾಳಿ ನಡೆದು ಎರಡು ವರ್ಷ ತುಂಬಿದರೂ ಅಂತಹ ಆಯೋಗ ಬರಲಿಲ್ಲ. ‘ಯುದ್ಧ ಮುಗಿಯಲಿ’ ಎಂಬುದೇ ಉತ್ತರವಾದಾಗ ಯುದ್ಧ ಮುಗಿಯದಿರುವುದರಿಂದ ಲಾಭ ಪಡೆಯುವವರೂ ಹುಟ್ಟಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಗಾಜಾದಲ್ಲಿ, ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಂತೆ, 60 ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ನಾವೂ ಬೀಗುವಂತಿಲ್ಲ. ಕಾರ್ಗಿಲ್ ಮುಗಿದ ಕೂಡಲೇ ಪರಿಶೀಲನಾ ಸಮಿತಿ ಬಂದಿತು, ಸರಿ. 1962ರ ಸೋಲಿನ ಕುರಿತ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಮಾತ್ರ ಯಾವ ಸರ್ಕಾರವೂ ಅಧಿಕೃತವಾಗಿ ಬಿಚ್ಚಲಿಲ್ಲ.

ಪ್ರಶ್ನೆ: ಬಂಧನ ವಾರಂಟ್ ಇದ್ದರೂ ಪುಟಿನ್ ದೆಹಲಿಗೆ ಬಂದು ಹೋದದ್ದು ಹೇಗೆ? – ಹುಬ್ಬಳ್ಳಿ

ಉತ್ತರ: 2023ರ ಮಾರ್ಚ್‌ನಲ್ಲಿ ಆ ವಾರಂಟ್ ಹೊರಡಿಸಿದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಆದ್ದರಿಂದ 2025ರ ಡಿಸೆಂಬರ್‌ನಲ್ಲಿ ಅವರನ್ನು ಹಿಡಿಯುವ ಹೊಣೆಯೂ ನಮಗಿರಲಿಲ್ಲ. ಸೇರಿರುವ ಮಂಗೋಲಿಯಾವೇ 2024ರಲ್ಲಿ ಅವರಿಗೆ ಕೆಂಪು ಹಾಸು ಹಾಸಿತು. ಸ್ವಂತ ಪೊಲೀಸರಿಲ್ಲದ ನ್ಯಾಯಾಲಯ ಅದು. ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ದುತೆರ್ತೆ ಆ ನ್ಯಾಯಾಲಯವಿರುವ ಹೇಗ್ ನಗರಕ್ಕೆ ಹೋಗಬೇಕಾಗಿ ಬಂದದ್ದು, ಮನಿಲಾದಲ್ಲಿ ಅಧಿಕಾರ ಅವರ ವಿರೋಧಿಗಳ ಕೈಯಲ್ಲಿ ಇದ್ದುದರಿಂದ.

ಪ್ರಶ್ನೆ: ಶೇಖ್ ಹಸೀನಾ ಅವರನ್ನು ಭಾರತ ಬಾಂಗ್ಲಾದೇಶಕ್ಕೆ ಒಪ್ಪಿಸಬೇಕೆ? – ಬೀದರ್

ಉತ್ತರ: ಢಾಕಾದ ನ್ಯಾಯಮಂಡಳಿ ಅವರಿಗೆ ವಿಧಿಸಿರುವ ಮರಣದಂಡನೆಯ ತೀರ್ಪಿನ ಆಧಾರದ ಮೇಲೆ ಬೇಡ ಎಂಬುದು ನನ್ನ ಅಭಿಪ್ರಾಯ. 2024ರ ಜುಲೈ–ಆಗಸ್ಟ್‌ನ ವಿದ್ಯಾರ್ಥಿ ಹೋರಾಟವನ್ನು ಹತ್ತಿಕ್ಕುವಾಗ 1,400 ಜನರವರೆಗೆ ಸತ್ತಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಅಂದಾಜಿಸಿದೆ. ಇದಕ್ಕೆ ಯಾರೂ ಉತ್ತರ ಹೇಳಬೇಕಾಗಿಲ್ಲ ಎನ್ನುವಂತಿಲ್ಲ. ಆದರೆ 2025ರ ನವೆಂಬರ್ 17ರ ತೀರ್ಪು ಬಂದದ್ದು ಆರೋಪಿಯ ಗೈರುಹಾಜರಿಯಲ್ಲಿ, ಅವರ ವಿರೋಧಿಗಳು ಪ್ರಬಲರಾಗಿದ್ದ ಕಾಲದಲ್ಲಿ. ವಿಧಿಯ ಆಟವೆಂದರೆ, 1971ರ ಯುದ್ಧಾಪರಾಧಗಳ ವಿಚಾರಣೆಗೆಂದು 2010ರಲ್ಲಿ ಆ ನ್ಯಾಯಮಂಡಳಿಯನ್ನು ಸ್ಥಾಪಿಸಿದ್ದು ಹಸೀನಾ ಸರ್ಕಾರವೇ. ಅದರ ವಿಚಾರಣೆಗಳು ನ್ಯಾಯಯುತವಾಗಿಲ್ಲವೆಂದು ಹೊರಗಿನವರು ಆಕ್ಷೇಪಿಸಿದಾಗ ಅವರು ಕಿವಿಗೊಟ್ಟಿರಲಿಲ್ಲ. 2013ರ ಗಡೀಪಾರು ಒಪ್ಪಂದದಲ್ಲಿ ರಾಜಕೀಯ ಸ್ವರೂಪದ ಅಪರಾಧಗಳಿಗೆ ವಿನಾಯಿತಿ ಇದೆ, ಆದರೆ ಕೊಲೆಯನ್ನು ಆ ಸಾಲಿಗೆ ಸೇರಿಸುವಂತಿಲ್ಲ. ಸದ್ಭಾವನೆಯಿಲ್ಲದ, ನ್ಯಾಯದ ಹಿತಕ್ಕಲ್ಲದ ಆರೋಪವಾದರೆ ನಿರಾಕರಿಸಬಹುದು ಎಂಬ ಇನ್ನೊಂದು ಕಲಮು ಇದೆ. ನಿರಾಕರಿಸುವುದಾದರೆ ದೆಹಲಿ ಆ ಕಲಮನ್ನು ಹೆಸರಿಸಿ, ಕಾರಣ ಬರೆದು ನಿರಾಕರಿಸಲಿ.

ಪ್ರಶ್ನೆ: ಹೊರದೇಶದ ಯುದ್ಧಗಳಿಗೆ ಕನ್ನಡ ಪತ್ರಿಕೆಯಲ್ಲಿ ಇಷ್ಟು ಪುಟ ಏಕೆ? ನಮಗೇನು ಸಂಬಂಧ? – ರಾಣೆಬೆನ್ನೂರು

ಉತ್ತರ: 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ನಿಮ್ಮದೇ ಹಾವೇರಿ ಜಿಲ್ಲೆಯವನು. ದಿನಸಿ ತರಲು ಹೊರಗೆ ಹೋಗಿದ್ದ. ಪಾರ್ಥಿವ ಶರೀರ ಊರಿಗೆ ಬರಲು ಸುಮಾರು ಮೂರು ವಾರ ಹಿಡಿಯಿತು; ಮನೆಯವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು.