ಬೆಡಿಯ ಗದ್ದೆ ಪಕ್ಕದ ಬಾವಿ

ಉಡುಪಿ ಸಮೀಪದ ಓದುಗರೊಬ್ಬರ ಪತ್ರ: "ದೇವಸ್ಥಾನದ ಜಾತ್ರೆಗೆ ಬೆಡಿ (ಸಿಡಿಮದ್ದು) ಬಿಡುವ ಬೈಲುಗದ್ದೆಗೆ ತಾಗಿಯೇ ನಮ್ಮ ಮನೆ, ಬಾವಿ. ಈ ಸಲ ಆರಿಂಚಿನ ಶೆಲ್ಲುಗಳೂ ಇವೆಯಂತೆ. ಬೆಡಿ ನಿಲ್ಲಿಸಿ ಎನ್ನುವವನು ನಾನಲ್ಲ. ಆದರೆ ಹೊಗೆ, ಬಾವಿನೀರಿನ ಬಗ್ಗೆ ಹೆದರಿಕೆಯಿದೆ."

ಮಾನ್ಯರೇ,

ಸಮಿತಿಯವರ ಹತ್ತಿರ ಮೊದಲು ಗದ್ದೆಯ ಅಳತೆ ಕೇಳಿ. ಶೆಲ್ಲು ಎಂದರೆ ಕೊಳವೆಯಿಂದ ಮೇಲಕ್ಕೆಸೆದು ಆಕಾಶದಲ್ಲಿ ಸಿಡಿಸುವ ಮದ್ದಿನ ಗುಂಡು. ಅದು ಅಡ್ಡಳತೆಯ ಇಂಚಿಗೆ ಸುಮಾರು 100 ಅಡಿಯಂತೆ ಮೇಲೇರುತ್ತದೆ. ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 1123 ಮಾನದಂಡದ ಪ್ರಕಾರ ಸುತ್ತಲೂ ಇಂಚಿಗೆ 70 ಅಡಿ ದೂರದವರೆಗೆ ಜಾಗ ಜನರಿಲ್ಲದೆ ಖಾಲಿ ಇರಬೇಕು. ಆರಿಂಚಿಗೆ 420 ಅಡಿಯಾಯಿತು. ನಿಮ್ಮ ಮನೆ ಅದರೊಳಗೆ ಬಂದರೆ ಆರಿಂಚು ಬೇಡವೇ ಬೇಡ. ಮೂರಿಂಚಿಗೆ 210 ಅಡಿ ಸಾಕು, ನೋಟಕ್ಕೇನೂ ಕೊರತೆಯಾಗದು.

ಶೆಲ್ಲಿನ ತಳದಲ್ಲಿ ಕರಿಮದ್ದು ಇರುತ್ತದೆ: 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಅದು ಸಿಡಿದು ಶೆಲ್ಲನ್ನು ಕೊಳವೆಯಿಂದ ಎಸೆಯುತ್ತದೆ, ಅದೇ ಬೆಂಕಿ ನಿಧಾನ ಉರಿಯುವ ಬತ್ತಿಗೂ ತಗಲುತ್ತದೆ. ಶೆಲ್ಲು ತುದಿ ಮುಟ್ಟುವ ಹೊತ್ತಿಗೆ ಬತ್ತಿ ಒಳಮದ್ದಿಗೆ ತಲುಪಿ, ಬಣ್ಣದ ಉಂಡೆಗಳು ಹೊತ್ತಿಕೊಂಡು ಚೆದರುತ್ತವೆ. ಕೆಂಪಿಗೆ ಸ್ಟ್ರಾನ್ಶಿಯಂ, ನೀಲಿಗೆ ತಾಮ್ರ. ಹಸಿರು ಕೊಡುವ ಬೇರಿಯಂ ಲವಣಗಳನ್ನು ಸುಪ್ರೀಂ ಕೋರ್ಟ್ 2018ರಲ್ಲೇ ನಿಷೇಧಿಸಿದೆ. ಹಸಿರು ಉಂಡೆ ಯಾವುದರದ್ದು ಎಂದು ಕೇಳುವ ಹಕ್ಕು ನಿಮಗಿದೆ.

ನಮ್ಮ ಕರಾವಳಿಯಲ್ಲಿ ಮದ್ದಿಗೆ ತೇವ ಹಿಡಿಯುವುದೇ ದೊಡ್ಡ ತೊಂದರೆ. ತೇವವಾದ ಕರಿಮದ್ದು ಶೆಲ್ಲನ್ನು ಸಾಕಷ್ಟು ಎತ್ತರಕ್ಕೆ ಎಸೆಯದು. ಬತ್ತಿ ಮಾತ್ರ ತನ್ನ ಲೆಕ್ಕಕ್ಕೇ ಉರಿಯುತ್ತದೆ, ಶೆಲ್ಲು ಜನರ ತಲೆಯ ಹತ್ತಿರ ಸಿಡಿಯುತ್ತದೆ. ಬತ್ತಿಗೆ ಬೆಂಕಿಯೇ ತಗಲದಿದ್ದರೆ ಶೆಲ್ಲು ಸಿಡಿಯದೆ ಗದ್ದೆಗೆ ಬೀಳುತ್ತದೆ. ಕವಚ ಬಿರುಕು ಬಿಟ್ಟಿದ್ದರೆ ಕೊಳವೆಯೊಳಗೇ ಒಡೆಯುತ್ತದೆ. ಆಗ ಕಬ್ಬಿಣದ ಕೊಳವೆ ಚೂರಾಗಿ ಹಾರುತ್ತದೆ. ಮರಳಲ್ಲಿ ಹುಗಿದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಕೊಳವೆಯನ್ನೇ ಬಳಸಲು ಒತ್ತಾಯಿಸಿ. ಗದ್ದೆಯ ಒಣ ಬೈಹುಲ್ಲನ್ನು ಮೊದಲೇ ತೆಗೆಸಿ.

ಇನ್ನು ಹೊಗೆ. ಕರಿಮದ್ದಿನ ಅರ್ಧಕ್ಕಿಂತ ಹೆಚ್ಚು ತೂಕ ಉರಿದ ಮೇಲೆ ಘನ ಕಣಗಳಾಗಿಯೇ ಉಳಿಯುತ್ತದೆ. ಜನವರಿಯ ತಂಪು ರಾತ್ರಿ, ಗಾಳಿ ನಿಂತಾಗ, ಅದು ತಗ್ಗಿನ ಬೈಲಿನಲ್ಲೇ ಕೂರುತ್ತದೆ. ಮೂಡುಗಾಳಿ ಎದ್ದರೆ ಪಡುವಣದ ಮನೆಗಳಿಗೆ ನುಗ್ಗುತ್ತದೆ. ಒಂದೇ ಸಮನೆ ಬಿಡದೆ ನಡುನಡುವೆ ಬಿಡುವು ಕೊಟ್ಟರೆ ಹೊಗೆ ಸರಿಯುತ್ತದೆ, ಬಣ್ಣವೂ ಕಾಣುತ್ತದೆ. ಗರ್ನಾಲು (ಭಾರೀ ಸದ್ದಿನ ಮದ್ದು) ಕಡಿಮೆ ಮಾಡಿಸಿ. ಹಟ್ಟಿಯ ದನಗಳಿಗೂ ಮರದಲ್ಲಿ ಕೂತ ಕೊಕ್ಕರೆಗಳಿಗೂ ಅದರಷ್ಟು ಹಿಂಸೆ ಬೇರೆಯಿಲ್ಲ.

ಬಾವಿಯ ವಿಷಯದಲ್ಲಿ ನಿಮ್ಮ ಹೆದರಿಕೆ ಸರಿಯಾದದ್ದೇ. ಬಣ್ಣದ ಉಂಡೆಯಲ್ಲಿರುವ ಪರ್ಕ್ಲೋರೇಟ್ ಎಂಬ ಲವಣ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರುವುದನ್ನು ತಡೆಯುತ್ತದೆ. ಅರೆಬೆಂದ ಉಂಡೆಗಳು ಗದ್ದೆಯಲ್ಲೇ ಉಳಿದರೆ ಮಳೆನೀರಿನೊಂದಿಗೆ ಮುರಕಲ್ಲಿನ ತೂತುಗಳಲ್ಲಿ ಇಳಿದು ಬಾವಿ ಸೇರಬಹುದು. ಬೆಳಕು ಹರಿದ ಕೂಡಲೇ ಬೆಡಿಯವರೇ ಗದ್ದೆ ಸುತ್ತಿ ಎಲ್ಲವನ್ನೂ ಹೆಕ್ಕಬೇಕೆಂದು ಕರಾರಿನಲ್ಲಿ ಬರೆಸಿ. ಸಿಡಿಯದ ಶೆಲ್ಲನ್ನು ಮನೆಯವರು ಮುಟ್ಟಬಾರದು, ಕಸವನ್ನು ಅಲ್ಲೇ ಸುಡಲೂಬಾರದು. ಸಂಜೆಯೇ ಬಾವಿಗೆ ಟಾರ್ಪಾಲು ಹೊದಿಸಿ. ತೆಗೆಯುವಾಗ ಅದರ ಮೇಲಿನ ಬೂದಿಯನ್ನು ಒಣಗಿದ್ದಂತೆಯೇ ಗುಡಿಸಿ ತೆಗೆಯಿರಿ. ಬಾವಿಕಟ್ಟೆಯಲ್ಲಿ ತೊಳೆದರೆ ಆ ನೀರು ಬಾವಿಗೇ ಇಳಿಯುತ್ತದೆ.

— ಸಂ.