ಎಫ್‌ಡಿ ಮುರಿದ್ರೆ ಎಷ್ಟು ಬರುತ್ತೆ ಅಂತ ಕೇಳಿದ್ರೆ

(ದಾವಣಗೆರೆಯಿಂದ ಟ್ಯಾಕ್ಸ್ ಪ್ರಾಕ್ಟೀಷನರ್ ಒಬ್ಬರು ಬರೆದಿದ್ದಾರೆ, ಹೆಸರು ಬೇಡ ಅಂದಿದ್ದಾರೆ. ಅವರ ಹಳೇ ಕ್ಲೈಂಟ್, ರಿಟೈರ್ಡ್ ಟೀಚರ್ ಒಬ್ರು, ಬೆಳಗ್ಗೆ ಫೋನ್ ಮಾಡಿ ಎಫ್‌ಡಿ ಈಗ್ಲೇ ಮುರಿದ್ರೆ ಎಷ್ಟು ಕೈಗೆ ಬರುತ್ತೆ ಅಂತ ಕೇಳಿದ್ರಂತೆ. ಇವರು ಪೆನಾಲ್ಟಿ ಲೆಕ್ಕ ಹಾಕಿ ಹೇಳಿದ್ರು. ಆಮೇಲೆ ಗೊತ್ತಾಯ್ತು, ಆ ಮೇಡಮ್ ಆಗ ‘ಡಿಜಿಟಲ್ ಅರೆಸ್ಟ್’ನಲ್ಲಿದ್ರು, ಅಂದ್ರೆ ಪೊಲೀಸ್ರು ಅಂತ ಸುಳ್ಳು ಹೇಳ್ಕೊಂಡು ಕಳ್ಳರು ವಿಡಿಯೋ ಕಾಲಲ್ಲೇ ಕೂರಿಸಿ, ಹೆದರಿಸಿ ದುಡ್ಡು ಕೀಳ್ತಿದ್ರು. ಒಂದು ಎಫ್‌ಡಿ ದುಡ್ಡು ಹೋಯ್ತು, ಎರಡನೇದನ್ನ ಬ್ಯಾಂಕಿನವರು ತಡೆದ್ರು. “ನಮ್ಮ ಕೆಲಸ ರಿಟರ್ನ್ ಹಾಕೋದು, ಇದೆಲ್ಲ ಪೊಲೀಸ್ರು ನೋಡ್ಕೋಬೇಕಲ್ವಾ, ಇಂಥದಕ್ಕೆಲ್ಲ ಟೈಮ್ ಕೊಟ್ರೆ ಫೀಸು ಕೇಳೋದು ಹೇಗೆ” ಅನ್ನೋದು ಅವರ ಪ್ರಶ್ನೆ. ಮೇಡಮ್ ಮಗನಿಗೆ ಹೇಳ್ಬಹುದಿತ್ತಾ ಅಂತಾನೂ ಕೇಳಿದಾರೆ.)

ಸರ್, ಪೊಲೀಸ್ರ ಕೆಲಸ ಪೊಲೀಸ್ರೇ ಮಾಡ್ಬೇಕು, ಅದು ಸರಿ. ಆದ್ರೆ ಆ ಮೇಡಮ್ ಪೊಲೀಸ್ರಿಗೆ ಫೋನ್ ಮಾಡ್ಲಿಲ್ಲ, ಮಗನಿಗೂ ಮಾಡ್ಲಿಲ್ಲ, ನಿಮಗೆ ಮಾಡಿದ್ರು. ಯಾರಿಗೂ ಹೇಳ್ಬಾರ್ದು, ಹೇಳಿದ್ರೆ ನಿಮ್ಮ ಮಕ್ಕಳನ್ನೂ ಕೇಸಲ್ಲಿ ಸೇರಿಸ್ತೀವಿ ಅಂತ ಹೆದರಿಸಿರ್ತಾರೆ, ಬ್ಯಾಂಕಲ್ಲಿ ಕೇಳಿದ್ರೆ ಮನೆ ರಿಪೇರಿಗೆ ಅನ್ನಿ ಅಂತ ಉತ್ತರಾನೂ ಕಲಿಸಿರ್ತಾರೆ, ಹಾಗಾಗಿ ಅವರ ಬಾಯಿಂದ ಬರೋದಕ್ಕೆ ಉಳಿಯೋದು ಲೆಕ್ಕದ ಪ್ರಶ್ನೆ ಒಂದೇ. ಭಯ ನಿಮ್ಮ ಹತ್ರ ಬರೋದು ಬಡ್ಡಿ, ಪೆನಾಲ್ಟಿ, ಲಿಮಿಟ್ ಅನ್ನೋ ವೇಷದಲ್ಲೇ. ವರ್ಷಗಟ್ಲೆ ಆ ಎಫ್‌ಡಿನ ರಿನ್ಯೂ ಮಾಡಿಸ್ಕೊಂಡು ಬಂದೋರು ಒಂದು ಮಂಗಳವಾರ ಬೆಳಗ್ಗೆ ಇದ್ದಕ್ಕಿದ್ದಂಗೆ ಮುರೀತೀನಿ ಅಂದ್ರೆ ಅದು ವಿಚಿತ್ರ ಅಂತ ಗೊತ್ತಾಗೋದು ಊರಲ್ಲಿ ನಿಮಗೆ ಬಿಟ್ರೆ ಇನ್ಯಾರಿಗೆ?

ಡಿಜಿಟಲ್ ಅರೆಸ್ಟ್ ಅನ್ನೋ ವ್ಯವಸ್ಥೆ ಕಾನೂನಲ್ಲೇ ಇಲ್ಲ ಅಂತ ಪ್ರಧಾನಿ 2024ರ ಅಕ್ಟೋಬರ್‌ನಲ್ಲಿ ಮನ್ ಕಿ ಬಾತ್‌ನಲ್ಲೇ ಹೇಳಿದ್ರು, ಫೋನ್ ರಿಂಗಾಗೋ ಮುಂಚೆ ಕಾಲರ್ ಟ್ಯೂನಲ್ಲೂ ಎಚ್ಚರಿಕೆ ಹಾಕಿದ್ರು, ಆದ್ರೂ ನಿಂತಿಲ್ಲ. ಗೊತ್ತಿಲ್ಲದೇ ಇರೋದು ಸಮಸ್ಯೆ ಅಲ್ಲ, ಆ ಹೊತ್ತಲ್ಲಿ ಒಬ್ರೇ ಇರ್ತಾರಲ್ಲ ಅದು. ಹಂಗಾಗಿ “ಅಯ್ಯೋ ಮೇಡಮ್, ಅದೆಲ್ಲ ಫ್ರಾಡು, ನೀವು ಓದಿದೋರು ಹಿಂಗಾ ನಂಬೋದು” ಅಂತ ದಯವಿಟ್ಟು ಶುರು ಮಾಡ್ಬೇಡಿ, ಅವರು ಫೋನ್ ಇಡ್ತಾರೆ ಅಷ್ಟೇ. ಹೂಂ, ಉಹೂಂ ಅನ್ನೋದ್ರಲ್ಲೇ ಉತ್ತರ ಮುಗಿಯೋ ಹಂಗೆ ಕೇಳಿ. ಮನೇಲಿ ನೀವೊಬ್ರೇ ಇದೀರಾ? ಇನ್ನೊಂದು ಫೋನಲ್ಲಿ ವಿಡಿಯೋ ಕಾಲ್ ಆನ್ ಇದ್ಯಾ? ದುಡ್ಡು ಇವತ್ತೇ ಕಳಿಸು ಅಂದಿದಾರಾ? ಎರಡಕ್ಕೆ ಹೂಂ ಬಂದ್ರೆ ಲೆಕ್ಕ ಹೇಳ್ಬೇಡಿ. “ಒಂದು ಸೈನ್ ಬೇಕಿತ್ತು, ಈಗ್ಲೇ ಬರ್ತೀನಿ” ಅಂತ ಹೇಳಿ ಮನೆಗೇ ಹೋಗಿ, ದೂರ ಇದ್ರೆ 112ಕ್ಕೆ ಫೋನ್ ಮಾಡಿ.

ನೋಟಿಸ್ ವಾಟ್ಸಾಪಲ್ಲಿ ಬಂದಿದ್ರೆ ಅದನ್ನ ಬಿಡಿಸಿ ತೋರಿಸೋಕೆ ನಿಮ್ಮಷ್ಟು ಸರಿಯಾದೋರು ಯಾರೂ ಇಲ್ಲ. ಇನ್‌ಕಮ್ ಟ್ಯಾಕ್ಸ್ ನೋಟಿಸಿಗೆ 2019ರ ಅಕ್ಟೋಬರ್ 1ರಿಂದ ಡಿಐಎನ್ (ಆ ನೋಟಿಸಿನದೇ ಗುರುತಿನ ನಂಬರ್) ಕಡ್ಡಾಯ, ಇ-ಫೈಲಿಂಗ್ ಪೋರ್ಟಲಲ್ಲಿ ಲಾಗಿನ್ ಇಲ್ದೇನೂ ಅದನ್ನ ಚೆಕ್ ಮಾಡ್ಬಹುದು. ವಿಚಾರಣೆಗೆ ಬನ್ನಿ ಅನ್ನೋ ಪೊಲೀಸ್ ನೋಟಿಸನ್ನ ವಾಟ್ಸಾಪಲ್ಲಿ ಕಳಿಸೋ ಹಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಬರೀ “ಸುಳ್ಳು” ಅನ್ನೋ ಬದ್ಲು ಪಕ್ಕದಲ್ಲಿ ಕೂತು ಸ್ಕ್ರೀನಲ್ಲಿ ತೋರಿಸಿದ್ರೆ ಭಯ ಬೇಗ ಇಳಿಯುತ್ತೆ.

ದುಡ್ಡು ಹೋಗಿಬಿಟ್ಟಿದ್ರೆ ಸೈಬರ್ ವಂಚನೆ ಸಹಾಯವಾಣಿ 1930. ಅಲ್ಲಿ ಕೇಳೋದು ಯಾವ ಬ್ಯಾಂಕು, ಎಷ್ಟೊತ್ತಿಗೆ, ಎಷ್ಟು, ಟ್ರಾನ್ಸಾಕ್ಷನ್ ನಂಬರ್ ಏನು. ಆರ್‌ಟಿಜಿಎಸ್ ಆಗಿದ್ರೆ ಯುಟಿಆರ್ ಅನ್ನೋ ಆ ನಂಬರ್ 22 ಅಕ್ಷರ ಇರುತ್ತೆ, ಕೈ ನಡುಗ್ತಿರೋ 70 ವರ್ಷದೋರು ಅದನ್ನ ಸ್ಟೇಟ್‌ಮೆಂಟಲ್ಲಿ ಹುಡುಕಿ ತಪ್ಪಿಲ್ದೆ ಓದೋಕಾಗುತ್ತಾ? ನೀವು ದಿನಾ ಸ್ಟೇಟ್‌ಮೆಂಟ್ ಓದೋರು, ನಿಮಗದು ಎರಡು ನಿಮಿಷದ ಕೆಲಸ. ದುಡ್ಡು ಒಂದು ಖಾತೆಯಿಂದ ಹತ್ತು ಖಾತೆಗೆ ಚದುರೋ ಮುಂಚೆ ಹೋಲ್ಡ್ ಮಾಡಿಸೋಕೆ ಆ ಎರಡು ನಿಮಿಷಾನೇ ಮುಖ್ಯ.

ಮಗನಿಗೆ ಹೇಳ್ಬಹುದಿತ್ತಾ ಅಂತಾನೂ ಕೇಳಿದೀರಿ. ನೀವು ಸಿಎ ಆಗಿದ್ರೆ ಕ್ಲೈಂಟ್ ಒಪ್ಪಿಗೆ ಇಲ್ದೆ ಅವರ ವಿಷ್ಯ ಹೊರಗೆ ಹೇಳೋದು 1949ರ ಕಾಯ್ದೆ ಪ್ರಕಾರ ದುರ್ನಡತೆ ಆಗ್ತಿತ್ತು, ಸಿಎ ಅಲ್ದೇ ಇದ್ರೂ ಮರ್ಯಾದೆ ಅದೇ. ಅದಕ್ಕೆ ಮೊದ್ಲೇ ಬರೆಸಿಟ್ಕೊಳ್ಳಿ. ಅಮೆರಿಕದಲ್ಲಿ 2018ರಿಂದ ಬ್ರೋಕರ್‌ಗಳು ಖಾತೆ ತೆರೆಯುವಾಗ್ಲೇ ನಿಮಗೆ ನಂಬಿಕೆ ಇರೋ ಒಬ್ಬರ ಹೆಸರು ಕೊಡಿ ಅಂತ ಕೇಳ್ಬೇಕು ಅನ್ನೋ ನಿಯಮ ಇದೆ. ನಮ್ಮಲ್ಲಿ ನೀವು ಕೇಳ್ಬಾರ್ದು ಅಂತ ಯಾರೂ ಹೇಳಿಲ್ಲ. ಜುಲೈನಲ್ಲಿ ರಿಟರ್ನಿಗೆ ಬಂದಾಗ ಒಂದು ಹಾಳೆ ಕೊಡಿ: “ನನ್ನ ವ್ಯವಹಾರದಲ್ಲಿ ಅಸಹಜ ಕಂಡ್ರೆ ಇಂಥವರಿಗೆ ಫೋನ್ ಮಾಡ್ಬಹುದು”, ಹೆಸರು, ನಂಬರ್, ಸೈನ್. ಆ ಇಂಥವರು ಮಗಾನೇ ಆಗ್ಬೇಕು ಅಂತೇನಿಲ್ಲ, ಕ್ಲೈಂಟ್ ಆರಿಸ್ಲಿ.

ಯಾಕೆ ಹೀಗಂದೆ ಅಂದ್ರೆ, ಭಯ ಮನೆಯೊಳಗಿಂದಾನೂ ಬರುತ್ತೆ. ಅಮ್ಮನಿಗೆ ಕೇಳಿದ ಪ್ರಶ್ನೆಗೆಲ್ಲ ಮಗ ಉತ್ತರ ಕೊಡ್ತಾನೆ, ಗಿಫ್ಟ್ ಡೀಡ್ ಯಾವಾಗ ರೆಡಿ ಅಂತಾನೆ, ಅಮ್ಮ ಟೇಬಲ್ ನೋಡ್ತಾ ಕೂತಿರ್ತಾರೆ. ಅವನನ್ನ ಜೆರಾಕ್ಸಿಗೆ ಕಳಿಸಿ ಹತ್ತು ನಿಮಿಷ ಅಮ್ಮನ ಹತ್ರ ಒಬ್ರೇ ಮಾತಾಡಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನೋಡ್ಕೋಬೇಕು ಅನ್ನೋ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತೀನ, ನೋಡ್ಕೊಳ್ಳದೇ ಇದ್ರೆ ವಾಪಸ್ ಕೇಳ್ಬಹುದು, ನಮ್ಮಲ್ಲಿ ಎಸಿ (ಅಸಿಸ್ಟೆಂಟ್ ಕಮಿಷನರ್) ಕೋರ್ಟಿಗೆ ಅರ್ಜಿ. ಆದ್ರೆ ಷರತ್ತು ಪತ್ರದಲ್ಲೇ ಇದ್ರೆ ಒಳ್ಳೇದು, ಡ್ರಾಫ್ಟ್ ಮಾಡುವಾಗ ಆ ಒಂದು ಸಾಲು ಬಿಟ್ಟುಹೋಗದಂಗೆ ನೋಡ್ಕೊಳ್ಳೋದು ನಿಮ್ಮಂಥೋರ ಕೈಲಿದೆ. ಹಿರಿಯರ ಸಹಾಯವಾಣಿ 14567.

ಇನ್ನೊಂದು, ಇದು ಸ್ವಲ್ಪ ಖಾರ ಅನ್ಸಬಹುದು. ನಿಮ್ಮ ಆಫೀಸಲ್ಲೇ ಎಷ್ಟು ಜನರ ಆಧಾರ್, ಪ್ಯಾನ್, ಪಾಸ್‌ಬುಕ್ ಜೆರಾಕ್ಸ್ ಇದೆ, ಹುಡುಗರ ಸ್ವಂತ ಮೊಬೈಲಿನ ವಾಟ್ಸಾಪಲ್ಲಿ ಎಷ್ಟಿದೆ? 2023ರಲ್ಲಿ ಬೆಂಗಳೂರಲ್ಲಿ ಆಸ್ತಿ ರಿಜಿಸ್ಟರ್ ಮಾಡಿಸಿದೋರ ಖಾತೆಯಿಂದ ಒಟಿಪಿ ಕೂಡ ಇಲ್ದೆ ಎಇಪಿಎಸ್ (ಆಧಾರ್ ನಂಬರ್, ಬೆರಳಚ್ಚಿನಿಂದಲೇ ಬ್ಯಾಂಕ್ ದುಡ್ಡು ತೆಗೆಯೋ ವ್ಯವಸ್ಥೆ) ಮೂಲಕ ದುಡ್ಡು ಹೋಯ್ತಲ್ಲ, ಪತ್ರದಲ್ಲಿದ್ದ ಹೆಬ್ಬೆಟ್ಟು, ಆಧಾರ್ ನಂಬರ್ ಎತ್ಕೊಂಡು ಮಾಡಿದ್ದು ಅಂತ ದೂರು ಬಂದ್ಮೇಲೆ ನೋಂದಣಿ ಇಲಾಖೆ ಬೆರಳಚ್ಚು ಕಾಣದ ಹಂಗೆ ಮರೆಮಾಡೋಕೆ ಶುರು ಮಾಡ್ತು. ಪತ್ರ ಮಾಡಿಸೋ ಕ್ಲೈಂಟ್ ಇದ್ರೆ ಅವತ್ತೇ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿ, ಪೂರ್ತಿ ನಂಬರ್ ಬೇಡದ ಕಡೆ ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿಸಿ, ಹಳೇ ಜೆರಾಕ್ಸ್ ರದ್ದಿಗೆ ಹಾಕ್ಬೇಡಿ, ಹರೀರಿ.

ಫೀಸಿನ ವಿಷ್ಯ. 1930ಕ್ಕೆ ಫೋನ್ ಮಾಡಿಸಿದ್ದಕ್ಕೆ, ಮನೆಗೆ ಹೋಗಿ ಕೂತಿದ್ದಕ್ಕೆ ಬಿಲ್ ಹಾಕ್ಬೇಡಿ, ಚೆನ್ನಾಗಿರಲ್ಲ. ಆಮೇಲಿನ ಕೆಲಸಕ್ಕೆ ಧಾರಾಳವಾಗಿ ಹಾಕಿ, ಅದು ಬೇಕಾದಷ್ಟಿದೆ. ಮುರಿದ ಎಫ್‌ಡಿಯ ಬಡ್ಡಿ, ಟಿಡಿಎಸ್ ಸರಿಯಾಗಿ ಕೂರಿಸ್ಬೇಕು. ಮ್ಯೂಚುವಲ್ ಫಂಡ್ ಏನಾದ್ರೂ ಮಾರಿ ಕಳ್ಳರಿಗೆ ಕೊಟ್ಟಿದ್ರೆ ದುಡ್ಡು ಹೋದ್ರೂ ಅದರ ಲಾಭಕ್ಕೆ ತೆರಿಗೆ ಮಾತ್ರ ಹೋಗಲ್ಲ, ಆ ಮೇಡಮ್‌ಗೆ ಇದನ್ನ ಯಾರೂ ಹೇಳಿರಲ್ಲ, ಮಾರ್ಚ್ ಬರೋ ಮುಂಚೆ ನೀವೇ ಹೇಳಿ.