ಎಡಗೈ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಯಾರು ದೊಡ್ಡವರು? ಒಂದು ಮನೆಜಗಳಕ್ಕೆ ತೀರ್ಪು

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಭಾನುವಾರ ಬಂತೆಂದರೆ ಮನೆಯಲ್ಲಿ ಅಮೆರಿಕನ್ ಫುಟ್‌ಬಾಲ್‌ದೇ ಗಲಾಟೆ. ನಾನು ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಪಕ್ಷ. ಪಕ್ಕದ ಮನೆಯವರು ಹಳೇ ಓಕ್‌ಲ್ಯಾಂಡ್ ರೇಡರ್ಸ್ ಅಭಿಮಾನಿ. ಚೆಂಡು ಎಸೆದು ತಂಡದ ಆಟ ನಡೆಸುವವರೇ ಕ್ವಾರ್ಟರ್‌ಬ್ಯಾಕ್. ಎಡಗೈಯಲ್ಲಿ ಎಸೆಯುವ ಅಂಥವರಲ್ಲಿ ಸ್ಟೀವ್ ಯಂಗ್ ದೊಡ್ಡವರು ಅಂತ ನಾನು, ಕೆನ್ ಸ್ಟೇಬ್ಲರ್ ಅಂತ ಅವರು. ಕಾಲೇಜಿಗೆ ಹೋಗುವ ಮಗ ನಡುವೆ ಬಾಯಿ ಹಾಕಿ, ಮೈಕಲ್ ವಿಕ್ ಮುಂದೆ ಇಬ್ಬರೂ ಏನಲ್ಲ ಅಂತಾನೆ. ನೀವೇ ಹೇಳಿ, ಯಾರು ಸರಿ?

ಉತ್ತರ: ನೀವು ಸರಿ. ಆದರೆ ಈಗಲೇ ಪಕ್ಕದ ಮನೆಯವರ ಮುಂದೆ ಮೀಸೆ ತಿರುವಬೇಡಿ. ಅವರ ಮಾತಲ್ಲೂ ಹುರುಳಿದೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಯಂಗ್. ‘ಎಡಗೈ’ ಅನ್ನೋ ಪದ ತೆಗೆದುಹಾಕಿ, ಸುಮ್ಮನೆ ‘ಶ್ರೇಷ್ಠ ಕ್ವಾರ್ಟರ್‌ಬ್ಯಾಕ್‌ಗಳು’ ಅಂತ ಪಟ್ಟಿ ಮಾಡಿದರೂ ಮೇಲಿನ ಸಾಲಿನಲ್ಲಿ ನಿಲ್ಲುವ ಎಡಚ ಅವರೊಬ್ಬರೇ. ಉಳಿದವರಿಗೆಲ್ಲ ಆ ಪದದ ಆಸರೆ ಬೇಕು. ನನ್ನ ಮಟ್ಟಿಗೆ ವಾದ ಅಲ್ಲಿಗೇ ಮುಗಿಯುತ್ತದೆ.

ಅಂಕಿಗಳೂ ಅದನ್ನೇ ಹೇಳುತ್ತವೆ. ಪಾಸರ್ ರೇಟಿಂಗ್ ಅಂತ ಒಂದು ಲೆಕ್ಕ ಇದೆ. ಎಸೆದ ಚೆಂಡುಗಳಲ್ಲಿ ಎಷ್ಟು ನಮ್ಮವರ ಕೈ ಸೇರಿದವು, ಎಷ್ಟು ಗಜ ಬಂತು, ಎಷ್ಟು ಟಚ್‌ಡೌನ್ (ಚೆಂಡನ್ನು ಕೊನೇ ಗೆರೆ ದಾಟಿಸಿ ಅಂಕ ಗಳಿಸುವುದು), ಎಷ್ಟು ಎದುರಾಳಿಯ ಪಾಲಾದವು (ಇಂಟರ್‌ಸೆಪ್ಷನ್), ಇಷ್ಟನ್ನೂ ಕಲಸಿ ಕೊಡುವ ಒಂದೇ ಅಂಕ ಅದು. ಯಂಗ್ ಅದರಲ್ಲಿ 6 ಸೀಸನ್ ಇಡೀ ಎನ್‌ಎಫ್‌ಎಲ್‌ಗೇ, ಅಂದರೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಿಗೇ, ಮೊದಲಿಗರು. ಅದರಲ್ಲಿ 1991ರಿಂದ 1994ರವರೆಗೆ ಸತತ 4 ಸಲ. 1992 ಮತ್ತು 1994ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ. ಒಟ್ಟು 232 ಟಚ್‌ಡೌನ್ ಪಾಸ್, 107 ಇಂಟರ್‌ಸೆಪ್ಷನ್. ಇದರ ಮೇಲೆ ಚೆಂಡು ಹಿಡಿದು ತಾವೇ ಓಡಿ 4,239 ಗಜ, 43 ಟಚ್‌ಡೌನ್. ಅವರು ಓಡೋದನ್ನು ನೋಡಬೇಕು ಅಂದರೆ 1988ರ ಅಕ್ಟೋಬರ್‌ನಲ್ಲಿ ಮಿನೆಸೋಟ ವೈಕಿಂಗ್ಸ್ ವಿರುದ್ಧ ಹೊಡೆದ 49 ಗಜದ ಓಟ ಹುಡುಕಿ ನೋಡಿ. ಒಬ್ಬೊಬ್ಬರನ್ನೇ ತಪ್ಪಿಸಿಕೊಂಡು, ಕೊನೆಗೆ ಕುಡಿದವರ ಹಾಗೆ ತೂರಾಡುತ್ತಾ ಗೆರೆ ದಾಟಿ ಬೀಳ್ತಾರೆ.

‘ಎಸೆದ ಚೆಂಡು ಹಿಡಿಯೋಕೆ ಜೆರಿ ರೈಸ್‌ನಂಥ ರಿಸೀವರ್ ಇದ್ದರೆ ಯಾರು ಬೇಕಾದರೂ ಎಸೆಯುತ್ತಾರೆ’ ಅಂತ ನಿಮ್ಮ ಪಕ್ಕದ ಮನೆಯವರು ಹೇಳಿಯೇ ಹೇಳುತ್ತಾರೆ. ರೇಡರ್ಸ್‌ನವರು ಎಲ್ಲರೂ ಹೇಳೋದೇ ಅದು. ಪೂರ್ತಿ ಸುಳ್ಳೂ ಅಲ್ಲ. ರೈಸ್ ಇದ್ದ ಫಾರ್ಟಿನೈನರ್ಸ್‌ಗೆ ಬರುವ ಮೊದಲು ಟ್ಯಾಂಪಾ ಬೇ ತಂಡದಲ್ಲಿದ್ದಾಗ ಯಂಗ್ ಆರಂಭಿಸಿದ 19 ಪಂದ್ಯಗಳಲ್ಲಿ ಗೆದ್ದದ್ದು 3. ಒಳ್ಳೆಯ ತಂಡ ಸಿಕ್ಕಿದ್ದು ಅವರ ಅದೃಷ್ಟ, ಒಪ್ಪೋಣ. ಆದರೆ ಆ ಅದೃಷ್ಟಕ್ಕೆ ತೆತ್ತ ಬೆಲೆಯನ್ನೂ ನೋಡಿ. 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದವರು ಅಲ್ಲಿನ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಹಿಂದೆ 4 ಸೀಸನ್ ಬೆಂಚು ಕಾದರು. 1991ರಲ್ಲಿ ಮೊಂಟಾನಾ ಮೊಣಕೈಗೆ ಪೆಟ್ಟಾಗಿ ಹೊರಗುಳಿದಾಗ ಜಾಗ ಸಿಕ್ಕಿತು. ಅಷ್ಟೊತ್ತಿಗೆ ವಯಸ್ಸು 30 ಮುಟ್ಟುತ್ತಿತ್ತು.

ಜಾಗ ಸಿಕ್ಕರೂ ಜನ ಒಪ್ಪಲಿಲ್ಲ. ಊರು ತುಂಬ ಮೊಂಟಾನಾ ಭಕ್ತರೇ. ಮೊಂಟಾನಾ ಹೆಸರಲ್ಲಿ 4 ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್ ಗೆಲುವು, ಇತ್ತು, ಯಂಗ್ ಹೆಸರಲ್ಲಿ ಸೊನ್ನೆ. 1992, 1993 ಎರಡೂ ಸೀಸನ್‌ನಲ್ಲಿ ಸೂಪರ್ ಬೌಲ್‌ಗೆ ಮುಂಚಿನ ಮೆಟ್ಟಿಲಲ್ಲಿ ಡಲ್ಲಾಸ್ ಕೌಬಾಯ್ಸ್ ಎದುರು ಸೋಲು. 1994ರ ಶುರುವಿನಲ್ಲಿ ಕ್ಯಾನ್ಸಸ್ ಸಿಟಿಗೆ ಹೋಗಿದ್ದ ಮೊಂಟಾನಾ ಕೈಯಲ್ಲೇ 24-17ರ ಸೋಲು. ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾ ಎದುರು 40-8. ಆ ಪಂದ್ಯದಲ್ಲಿ ಕೋಚ್ ಜಾರ್ಜ್ ಸೀಫರ್ಟ್ ನಡುವೆಯೇ ಹೊರಗೆ ಕರೆದದ್ದಕ್ಕೆ ಯಂಗ್ ಗೆರೆಯಂಚಿನಲ್ಲಿ ನಿಂತು ಎಲ್ಲರ ಎದುರಿಗೇ ಕೂಗಾಡಿದರು. ಶಾಂತ ಸ್ವಭಾವದವರು ಅಂತ ಹೆಸರಿದ್ದ ಮನುಷ್ಯ. ಅವತ್ತಿಂದ ತಂಡದ ಗಾಳಿಯೇ ಬೇರೆ ಆಯಿತು. ಮುಂದಿನ 10 ಪಂದ್ಯ ಸತತ ಗೆಲುವು, ಆಮೇಲೆ ಡಲ್ಲಾಸ್ ಮೇಲೆ 38-28, ಆಮೇಲೆ 1995ರ ಜನವರಿ 29ರಂದು ಮಯಾಮಿಯಲ್ಲಿ 29ನೇ ಸೂಪರ್ ಬೌಲ್.

ಸ್ಯಾನ್ ಡಿಯಾಗೊ ಚಾರ್ಜರ್ಸ್ ಎದುರು ಆಟ ಶುರುವಾಗಿ ಒಂದೂವರೆ ನಿಮಿಷ ಆಗುವ ಮೊದಲೇ ರೈಸ್‌ಗೆ 44 ಗಜದ ಟಚ್‌ಡೌನ್. ಕೊನೆಗೆ 49-26. ಯಂಗ್ ಎಸೆದದ್ದು 6 ಟಚ್‌ಡೌನ್. ಒಂದೇ ಸೂಪರ್ ಬೌಲ್‌ನಲ್ಲಿ ಅಷ್ಟು ಯಾರೂ ಎಸೆದಿಲ್ಲ, ಅದಕ್ಕೆ ಮುಂಚೆ 5ರ ದಾಖಲೆ ಇದ್ದದ್ದು ಮೊಂಟಾನಾ ಹೆಸರಲ್ಲಿ! ಆವತ್ತು ಗೆರೆಯಂಚಿನಲ್ಲಿ ಯಂಗ್ ತಮ್ಮ ಬೆನ್ನ ಮೇಲೆ ಕೂತ ಕೋತಿಯನ್ನು ಕಿತ್ತು ಬಿಸಾಡಿ ಅಂತ ಜತೆಗಾರನಿಗೆ ಬೆನ್ನು ಕೊಟ್ಟು ನಿಂತರು. ಅಮೆರಿಕದವರಿಗೆ ಕೋತಿ. ನಮಗಾದರೆ ಹೆಗಲ ಮೇಲಿನ ಬೇತಾಳ ಅನ್ನಬಹುದು. ಮತ್ತೆ ಮತ್ತೆ ಬಂದು ಕೂತು ಅದೇ ಪ್ರಶ್ನೆ ಕೇಳುತ್ತಿತ್ತಲ್ಲ.

ಈಗ ಸ್ಟೇಬ್ಲರ್. ‘ಸ್ನೇಕ್’, ಅಂದರೆ ಹಾವು ಅಂತಲೇ ಕರೆಯುತ್ತಿದ್ದರು. ಅಲಬಾಮಾದ ಫೋಲಿ ಊರಿನವರು. ಒಟ್ಟು 194 ಟಚ್‌ಡೌನ್ ಪಾಸ್, 222 ಇಂಟರ್‌ಸೆಪ್ಷನ್. ನಿಮ್ಮ ಮಗ ಈ ಸಾಲು ನೋಡಿ ನಕ್ಕಿರಬೇಕು, ಅಲ್ವಾ? ನಗಬಾರದು. ಈ ಅಂಕಿಯನ್ನು ಇವತ್ತಿನ ಕಣ್ಣಲ್ಲಿ ನೋಡಿದರೆ ಮೋಸ ಹೋಗುತ್ತೇವೆ. 1978ರಲ್ಲಿ ಲೀಗ್ ನಿಯಮ ಬದಲಿಸಿತು. 5 ಗಜ ದಾಟಿದ ಮೇಲೆ ರಿಸೀವರ್‌ನನ್ನು ಗುದ್ದುವ ಹಾಗಿಲ್ಲ ಅಂತಾಯಿತು. ಕ್ವಾರ್ಟರ್‌ಬ್ಯಾಕ್ ಕಾಯುವವರು ಕೈ ಚಾಚಿ ತಡೆಯಬಹುದು ಅಂತಾಯಿತು. ಎಸೆಯುವ ಆಟ ಸಲೀಸಾಗಿದ್ದು ಅಲ್ಲಿಂದ. ಸ್ಟೇಬ್ಲರ್ ಅವರ ಒಳ್ಳೆಯ ವರ್ಷಗಳೆಲ್ಲ ಅದಕ್ಕೂ ಹಿಂದಿನವು. ಬೇರೆಯವರು ಎರಡಕ್ಕೆ ಒಂದರಂತೆ ಗುರಿ ಮುಟ್ಟಿಸುತ್ತಿದ್ದ ಕಾಲದಲ್ಲಿ, 1976ರಲ್ಲಿ ಅವರು ಮೂರಕ್ಕೆ ಎರಡು ಮುಟ್ಟಿಸಿದರು. ಆ ಸೀಸನ್ ರೇಡರ್ಸ್ ಸೋತದ್ದು ಒಂದೇ ಪಂದ್ಯ. 1977ರ ಜನವರಿಯಲ್ಲಿ ವೈಕಿಂಗ್ಸ್ ಮೇಲೆ 32-14ರಿಂದ ಗೆದ್ದು ಸೂಪರ್ ಬೌಲ್ ತಂದರು.

ಆದರೆ ಸ್ಟೇಬ್ಲರ್ ನೆನಪಲ್ಲಿ ಉಳಿದಿರೋದು ಗಡಿಯಾರ ಮುಗಿಯುವ ಹೊತ್ತಿಗೆ. 1974ರ ಡಿಸೆಂಬರ್ 21. ಎದುರಿಗೆ ಎರಡು ವರ್ಷ ಸತತ ಚಾಂಪಿಯನ್ ಆಗಿದ್ದ ಮಯಾಮಿ ಡಾಲ್ಫಿನ್ಸ್. ಅರ್ಧ ನಿಮಿಷವೂ ಉಳಿದಿಲ್ಲ. ಹಿಂದಿನಿಂದ ಒಬ್ಬ ಕಾಲು ಹಿಡಿದಿದ್ದಾನೆ. ಮುಗ್ಗರಿಸಿ ಬೀಳುತ್ತಲೇ ಸ್ಟೇಬ್ಲರ್ ಚೆಂಡನ್ನು ತೇಲಿಸಿಬಿಟ್ಟರು. ಮಯಾಮಿಯವರ ಕೈಗಳ ನಡುವೆ ಕ್ಲಾರೆನ್ಸ್ ಡೇವಿಸ್ ಅದನ್ನು ಕಿತ್ತುಕೊಂಡರು. 28-26. ‘ಕೈಗಳ ಸಮುದ್ರ’ ಅಂತಲೇ ಆ ಆಟಕ್ಕೆ ಹೆಸರು ಬಿತ್ತು. 1978ರಲ್ಲಿ ಇನ್ನೊಂದು. ಸ್ಯಾನ್ ಡಿಯಾಗೊದಲ್ಲಿ ಕೊನೇ ಕ್ಷಣ, ಹಿಡಿದುಬಿಟ್ಟರು ಅನ್ನುವಾಗ ಚೆಂಡನ್ನು ಮುಂದಕ್ಕೆ ಉರುಳಿಸಿದರು. ಜತೆಗಾರರು ತಳ್ಳುತ್ತಾ ಒದೆಯುತ್ತಾ ಗೆರೆ ದಾಟಿಸಿ ಗೆದ್ದರು. ಬೇಕಂತಲೇ ಮಾಡಿದ್ದು ಅಂತ ಸ್ಟೇಬ್ಲರ್ ಆಮೇಲೆ ಒಪ್ಪಿಕೊಂಡರು. ಲೀಗ್ ಮುಂದಿನ ವರ್ಷ ನಿಯಮವನ್ನೇ ಬದಲಿಸಿತು. ಒಬ್ಬ ಆಟಗಾರನ ಕಿಲಾಡಿತನಕ್ಕೆ ಇದಕ್ಕಿಂತ ದೊಡ್ಡ ಬಿರುದು ಬೇಕಾ?

ಹಾಗಾಗಿ ಎರಡು ನಿಮಿಷ ಉಳಿದಿದೆ, ನಾಲ್ಕು ಅಂಕ ಬೇಕು, ಒಬ್ಬನನ್ನು ಕಳಿಸಿ ಅಂದರೆ ನಾನೂ ನಿಮ್ಮ ಪಕ್ಕದ ಮನೆಯವರ ಕಡೆ. ಇಡೀ ಹತ್ತು ವರ್ಷಕ್ಕೆ ಒಬ್ಬನನ್ನು ಆರಿಸಿ ಅಂದರೆ ಯಂಗ್. ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ನಲ್ಲಿರುವ ಎಡಗೈ ಕ್ವಾರ್ಟರ್‌ಬ್ಯಾಕ್‌ಗಳು ಇವರಿಬ್ಬರೇ. ಯಂಗ್ 2005ರಲ್ಲಿ ಸೇರಿದರು. ಸ್ಟೇಬ್ಲರ್ ಸೇರಿದ್ದು 2016ರಲ್ಲಿ, ಅವರು ತೀರಿಕೊಂಡ ಮರು ವರ್ಷ. ಬದುಕಿದ್ದಾಗ ಕೊಡಬಹುದಿತ್ತು. ಸತ್ತ ಮೇಲೆ ಪರೀಕ್ಷೆ ಮಾಡಿದಾಗ, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ ಮೆದುಳಿನ ಕಾಯಿಲೆ ಅವರಿಗಿತ್ತು ಅಂತ ಗೊತ್ತಾಯಿತು. ಯಂಗ್ ಆಟ ನಿಲ್ಲಿಸಿದ್ದೂ ತಲೆಗೆ ಬಿದ್ದ ಪೆಟ್ಟಿನಿಂದಲೇ. ಅವರ ಕೊನೇ ಪಂದ್ಯ 1999ರ ಸೆಪ್ಟೆಂಬರ್‌ನಲ್ಲಿ ಅರಿಜೋನಾ ವಿರುದ್ಧ.

ಇನ್ನು ನಿಮ್ಮ ಮಗನ ವಿಕ್. ಕೈಯ ಬಲ, ಕಾಲಿನ ವೇಗ ಎರಡೂ ಒಟ್ಟಿಗೆ ಲೆಕ್ಕ ಹಾಕಿದರೆ ಅಂಥವರು ಇರಲಿಲ್ಲ. 2006ರಲ್ಲಿ 1,039 ಗಜ ಓಡಿದರು. ಸೀಸನ್‌ಗೆ ಸಾವಿರ ದಾಟಿದ ಮೊದಲ ಕ್ವಾರ್ಟರ್‌ಬ್ಯಾಕ್. ತಮಾಷೆ ಅಂದರೆ ಅವರು ಮುರಿದದ್ದು ಇನ್ನೊಬ್ಬ ಎಡಚನ ದಾಖಲೆ. ಶಿಕಾಗೊ ಬೇರ್ಸ್‌ನ ಬಾಬಿ ಡಗ್ಲಸ್ 1972ರಲ್ಲಿ 968 ಗಜ ಓಡಿದ್ದರು. ಆದರೆ ಅದೇ 2006ರಲ್ಲಿ ವಿಕ್ ಎಸೆದ ಚೆಂಡುಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಗುರಿ ಮುಟ್ಟಿದವು. ಮರುವರ್ಷ ನಾಯಿ ಕಾದಾಟದ ದಂಧೆಯಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು, ಒಳ್ಳೆಯ ಎರಡು ಸೀಸನ್ ಹಾಗೇ ಹೋಯಿತು. ಹೊರಬಂದು 2010ರಲ್ಲಿ ಫಿಲಡೆಲ್ಫಿಯಾಗೆ ಆಡಿದ ಆಟ ಮಾತ್ರ ಅದ್ಭುತ. ವಾಷಿಂಗ್ಟನ್ ಮೇಲೆ 59-28ರಿಂದ ಗೆದ್ದ ಆ ಸೋಮವಾರದ ರಾತ್ರಿ 4 ಟಚ್‌ಡೌನ್ ಎಸೆದು, 2 ತಾವೇ ಓಡಿ ಹೊಡೆದರು. ಒಂದು ರಾತ್ರಿಯ ಆಟಕ್ಕೆ ಬಹುಮಾನ ಕೊಡೋದಾದರೆ ಮಗನೇ ಗೆದ್ದ.

ನಿಮ್ಮಲ್ಲಿ ಯಾರೂ ಬೂಮರ್ ಎಸೈಸನ್ ಹೆಸರೆತ್ತಲಿಲ್ಲ, ಅದು ನನಗೆ ಬೇಜಾರು. ಎಡಚರಲ್ಲಿ ಅತಿ ಹೆಚ್ಚು ಗಜ, ಅತಿ ಹೆಚ್ಚು ಟಚ್‌ಡೌನ್ ಎಸೆದದ್ದು ಅವರೇ. 37,920 ಗಜ, 247 ಟಚ್‌ಡೌನ್. 1988ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ. ಆ ಸೀಸನ್ನಿನ ಸೂಪರ್ ಬೌಲ್‌ನಲ್ಲಿ ಅವರ ತಂಡ ಸಿನ್ಸಿನಾಟಿ ಮುಂದಿತ್ತು. 34 ಸೆಕೆಂಡ್ ಉಳಿದಿದ್ದಾಗ ಮೊಂಟಾನಾ ಒಂದು ಟಚ್‌ಡೌನ್ ಎಸೆದರು. ಅಷ್ಟೇ ವ್ಯತ್ಯಾಸ.

ಪ್ರಶ್ನೆ: ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ಎನ್‌ಎಫ್‌ಎಲ್ ನೋಡುವ ಹೊಸಬ ನಾನು. ಎಡಗೈಯಲ್ಲಿ ಎಸೆದರೆ ಅಂಥ ವ್ಯತ್ಯಾಸ ಏನು? ಚೆಂಡು ಚೆಂಡೇ ತಾನೇ?

ಉತ್ತರ: ಚೆಂಡು ಅದೇ, ತಿರುಗೋದು ಉಲ್ಟಾ. ಬಲಗೈಯವರು ಎಸೆದಾಗ, ಅವರ ಬೆನ್ನ ಹಿಂದೆ ನಿಂತು ನೋಡಿದರೆ ಚೆಂಡು ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಎಡಗೈಯವರದ್ದು ಅದಕ್ಕೆ ವಿರುದ್ಧ. ದೂರದ ಎಸೆತದಲ್ಲಿ ಚೆಂಡು ಕೊನೆಗೆ ವಾಲುವ ಪಕ್ಕವೂ ಬದಲಾಗುತ್ತದೆ. ಚಿಕ್ಕಂದಿನಿಂದ ಬಲಗೈ ಎಸೆತಕ್ಕೆ ಒಗ್ಗಿದ ರಿಸೀವರ್‌ಗೆ ಮೊದಲ ಕೆಲವು ದಿನ ಕಸಿವಿಸಿ. ಆಮೇಲೆ ಏನಿಲ್ಲ. ಮೊಂಟಾನಾ ಬಲಗೈ, ಯಂಗ್ ಎಡಗೈ. ರೈಸ್ ಇಬ್ಬರದ್ದನ್ನೂ ಹಿಡಿದರು, ಯಂಗ್ ಒಬ್ಬರಿಂದಲೇ 85 ಟಚ್‌ಡೌನ್.

ನಿಜವಾದ ವ್ಯತ್ಯಾಸ ಬೆನ್ನಿನದು. ಬಲಗೈಯವರು ಎಸೆಯಲು ನಿಂತಾಗ ಎಡಪಕ್ಕ ಕಾಣಲ್ಲ. ಅದಕ್ಕೇ ಆ ಕಡೆ ಕಾಯುವ ಲೆಫ್ಟ್ ಟ್ಯಾಕಲ್‌ಗೆ ದೊಡ್ಡ ಸಂಬಳ. ಎಡಚರಿಗೆ ಕಾಣದ್ದು ಬಲಪಕ್ಕ. ಇಲ್ಲೊಂದು ವಿಚಿತ್ರ ನೋಡಿ. ಸ್ಟೇಬ್ಲರ್ ಎಡಕ್ಕೆ ಆರ್ಟ್ ಶೆಲ್ ಮತ್ತು ಜೀನ್ ಅಪ್‌ಶಾ ಇದ್ದರು, ಇಬ್ಬರೂ ಹಾಲ್ ಆಫ್ ಫೇಮ್. ಎಸೈಸನ್ ಎಡಕ್ಕೆ ಆಂಥನಿ ಮುನ್ಯೋಸ್, ಆ ಜಾಗದಲ್ಲಿ ಅವರಿಗಿಂತ ದೊಡ್ಡವರಿಲ್ಲ ಅಂತ ಹೇಳುವವರೇ ಜಾಸ್ತಿ. ಅಂದರೆ ಎಂಥೆಂಥ ಕಾವಲುಗಾರರು ಇದ್ದೂ ಅವರು ಕಾದದ್ದು ಕಣ್ಣಿಗೆ ಕಾಣುವ ಬಾಗಿಲನ್ನು. ಹಿತ್ತಿಲ ಬಾಗಿಲಿಗೆ ಇದ್ದದ್ದು ಬೇರೆಯವರು!

ಪ್ರಶ್ನೆ: ನನ್ನ ಮಗನಿಗೆ 10 ವರ್ಷ, ನ್ಯೂಜೆರ್ಸಿಯಲ್ಲಿ ಫ್ಲ್ಯಾಗ್ ಫುಟ್‌ಬಾಲ್ (ಎದುರಾಳಿಯನ್ನು ಕೆಡವದೆ ಆಡುವ ಫುಟ್‌ಬಾಲ್) ಆಡುತ್ತಾನೆ. ಎಡಚ. ‘ಬಲಗೈ ರೂಢಿ ಮಾಡಿಸಿ, ಇಲ್ಲದಿದ್ದರೆ ಕ್ವಾರ್ಟರ್‌ಬ್ಯಾಕ್ ಆಸೆ ಬಿಡಿ’ ಅಂತ ಒಬ್ಬರು ಕೋಚ್ ಹೇಳಿದರು. ಮೈಸೂರಿನಿಂದ ನಮ್ಮತ್ತೆಯವರೂ ಫೋನಿನಲ್ಲಿ ಅದನ್ನೇ ಹೇಳುತ್ತಾರೆ, ಅವರದ್ದು ಊಟದ ವಿಚಾರ. ಏನು ಮಾಡಲಿ?

ಉತ್ತರ: ಅತ್ತೆಯವರ ವಿಚಾರ ನಿಮ್ಮ ಮನೆಗೆ ಬಿಟ್ಟದ್ದು, ಅದರಲ್ಲಿ ನಾನು ತಲೆ ಹಾಕಲ್ಲ. ಎಸೆಯುವ ಕೈ ಮಾತ್ರ ಬದಲಿಸಬೇಡಿ.

ಎಡಚರು ಕಮ್ಮಿ ಅನ್ನೋದು ನಿಜ. 2015ರ ಸೀಸನ್ ಕೊನೆಯಲ್ಲಿ ಕೆಲನ್ ಮೂರ್ ಡಲ್ಲಾಸ್‌ಗೆ ಆಡಿದ ಮೇಲೆ, 2020ರ ನವೆಂಬರ್‌ನಲ್ಲಿ ಮಯಾಮಿಯ ಟುವಾ ಟಾಗೊವೈಲೋವಾ ಬರುವವರೆಗೆ ಒಬ್ಬ ಎಡಗೈ ಕ್ವಾರ್ಟರ್‌ಬ್ಯಾಕೂ ಪಂದ್ಯ ಆರಂಭಿಸಿರಲಿಲ್ಲ. ಬಲವಾದ ಎಡಗೈ ಇದ್ದ ಹುಡುಗರನ್ನು ಬೇಸ್‌ಬಾಲ್‌ನವರು ಎಳೆದುಕೊಳ್ಳುತ್ತಾರೆ, ಅಲ್ಲಿ ಎಡಗೈ ಪಿಚರ್‌ಗೆ ಬೆಲೆ ಜಾಸ್ತಿ. ಎಲ್ಲ ಕವಾಯತನ್ನೂ ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಹೇಳಿಕೊಡೋಕೆ ಕೆಲವು ಕೋಚ್‌ಗಳಿಗೆ ಸೋಮಾರಿತನವೂ ಇರುತ್ತೆ.

ಟುವಾ ಕಥೆ ನಿಮ್ಮ ಕೋಚ್‌ಗೆ ಹೇಳಿ. ಅವರು ಹುಟ್ಟಾ ಬಲಗೈಯವರು. ಬರೆಯೋದು, ತಿನ್ನೋದು ಎಲ್ಲ ಬಲಗೈಯಲ್ಲೇ. ಮನೆಯಲ್ಲಿ ಅಪ್ಪ ಒಬ್ಬರೇ ಎಡಚರು, ಮಗನಿಗೂ ಎಡಗೈಯಲ್ಲೇ ಎಸೆಯೋದು ಕಲಿಸಿದರು. ಆ ಎಡಗೈಯಿಂದಲೇ 2018ರ ಜನವರಿಯಲ್ಲಿ ಜಾರ್ಜಿಯಾ ವಿರುದ್ಧ 41 ಗಜದ ಟಚ್‌ಡೌನ್ ಎಸೆದು ಅಲಬಾಮಾಗೆ ಕಾಲೇಜು ಚಾಂಪಿಯನ್ ಪಟ್ಟ ತಂದರು. 2023ರಲ್ಲಿ 4,624 ಗಜ ಎಸೆದು ಎನ್‌ಎಫ್‌ಎಲ್‌ಗೇ ಮೊದಲಿಗರಾದರು. ಬದಲಿಸಿದ್ದು ನಿಮ್ಮ ಕೋಚ್ ಹೇಳಿದ ದಿಕ್ಕಿಗೆ ಪೂರ್ತಿ ಉಲ್ಟಾ. ಹಾಗಂತ ನಾನು ಅದನ್ನೂ ಮಾಡಿ ಅನ್ನಲ್ಲ.

ಇನ್ನೊಂದು ಕಥೆ. 1980ರ ಸುಮಾರಿಗೆ ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಒಬ್ಬ ಹುಡುಗ ಸೇರಿದ. ಕ್ವಾರ್ಟರ್‌ಬ್ಯಾಕ್‌ಗಳ ಸಾಲಿನಲ್ಲಿ ಅವನದ್ದು ಎಂಟನೇ ಜಾಗ. ಎಡಚರಿಗೆ ಕಲಿಸುವುದು ನನ್ನ ಕೆಲಸವಲ್ಲ ಅಂತ ಅಲ್ಲಿನ ಕೋಚ್ ಒಬ್ಬರು ಮುಖಕ್ಕೇ ಹೇಳಿದರಂತೆ. ಅವನನ್ನು ಡಿಫೆನ್ಸ್‌ಗೆ ಹಾಕುವ ಯೋಚನೆಯೂ ನಡೆದಿತ್ತು. ಅಷ್ಟರಲ್ಲಿ ಆ ಕೋಚ್ ಬೇರೆ ಊರಿಗೆ ಕೆಲಸ ಸಿಕ್ಕಿ ಹೊರಟುಹೋದರು. ಹುಡುಗ ಎಡಗೈಯಲ್ಲೇ ಎಸೆಯುತ್ತಾ ಅಲ್ಲೇ ಉಳಿದ. ಅವನ ಹೆಸರು ಸ್ಟೀವ್ ಯಂಗ್.